ಖಾಲಿ ಉಗುರು

ಪುಣೆ ಕ್ಯಾಂಪಿನ ಸೆಂಟರ್ ಸ್ಟ್ರೀಟಿನೊಳಗ ನನ್ನ ಅಂಗಡಿ.
ಗದಗಿನಿಂದ ತಂದ ಮಶೀನು, ಇದ್ದಿಲ ಇಸ್ತ್ರಿಪೆಟಗಿ, ನಾನು.
ಗೋರಾ ಕ್ಯಾಪ್ಟನ್ನರ ಸೊಂಟ ನನಗ ಬಾಯಿಪಾಠ:
ಬರುವಾಗ ಎಷ್ಟಿತ್ತು, ಮೆಸ್ಸಿನ ಊಟದ ಮ್ಯಾಲ ಎಷ್ಟಾತು.

ಯುದ್ಧದ ಎರಡನೇ ಮಳೆಗಾಲ ತೀರಿದ ಮ್ಯಾಲ
ಪುರಂದರ ಗಡದ ಕ್ಯಾಂಪಿನಿಂದ ಒಬ್ಬ ಕೈದಿ ಬಂದ.
ಹಲ್ಲು ಕೀಳಿಸಾಕ ಅರ್ಧ ದಿನದ ಪರವಾನಗಿ,
ಜೋಡಿಗೆ ಒಬ್ಬ ಪೊಲೀಸ್.
ಒಂದು ದವಡಿ ಬಾತಿತ್ತು. ತೋಳಿನ ಮ್ಯಾಲ ಕಂದು ಕೋಟು.

"ಇಟಲಿಯಾಂವ, ಮಾಸ್ತರ," ಅಂದ ಪೊಲೀಸ್.
ಕೈದಿ ಕತ್ತರಿಮಣಿಗೆ ಬೆರಳು ಬಡದ, ಒಂದ ಸಲ:
"ಅಲ್ಬೇನಿಯಾ. ಕರ್ನಲ್ ತಹಸೀನ್ ವ್ರೆಷ್ತ."
ಇಟಲಿಯವರು ಊರು ನುಂಗಿದಾಗ ಓಡಿ ಬಂದಾಂವ.
ನುಂಗಿದವರ ಹೆಸರು ಪಾಸ್‌ಪೋರ್ಟಿನ್ಯಾಗ ಬಿತ್ತು,
ಮುಂಬೈ ಬಂದರದಾಗ ಆ ಹೆಸರು ಓದಿ ಹಿಡದರು.
"ಕಾಗದದಾಗ ಇದ್ದದ್ದ ಖರೆ," ಅಂತ ಪೊಲೀಸ್
ಬೀಡಿ ಹಚ್ಚಾಕ ಹೊರಗ ಹ್ವಾದ.

ಗುಂಡಿ ತಿರುವಿ ನೋಡಿದೆ. ಎರಡು ತಲಿ, ಒಂದ ಮೈ.
"ಅಯ್ಯ, ಗಂಡಭೇರುಂಡ!" ಕನ್ನಡದಾಗ ಬಾಯಿಗೆ ಬಂತು.
ನಮ್ಮ ಕಡೆ ಗುಡಿ ಕಂಬದಾಗ ಅದು
ಉಗುರಿನೊಳಗ ಆನಿ ಹಿಡಿದಿರತೈತಿ.
ಇದರ ಉಗುರು ಖಾಲಿ.

ಅವನ ತುರ್ಕಿ, ನನ್ನ ಹಿಂದೂಸ್ತಾನಿ
ಕೂಡಿದ ಮಾತು ಮೂರ ನಾಕು.
ಹವಾ. ಮೈದಾನ. ಜೇಬು. ದುಷ್ಮನ್.
ಅಷ್ಟರಾಗ ಒಂದು ಆಯುಷ್ಯ ಹೇಳಿದ.

ಕೋಟು ಮಗುಚಿ ಹೊಲಿಯಬೇಕಂತ: ಒಳಮೈ ಹೊರಗ.
ಬಿಚ್ಚಿದೆ. ಸಿಂಪಿಗನ ಮುಂದ ಅರಿವಿ ಸುಳ್ಳು ಹೇಳೂದಿಲ್ಲ.
ಭುಜದ ಮ್ಯಾಲ ಸೂಜಿ ತೂತಿನ ಸಾಲು, ಸಾಲಿನ ಮ್ಯಾಲ ಸಾಲು.
ಒಂದು ಪಟ್ಟಿ ಬಿರಬಿರನ ಹರದದ್ದು: "ಇಪ್ಪತ್ನಾಕರ ದಂಗೆ.
ಜೂನಿನ್ಯಾಗ ಗೆದ್ದೆ, ಡಿಸೆಂಬರಕ್ಕ ಹಿಮದಾಗ ಓಡಿದೆ."
ಮತ್ತ ಕರಸ್ಯಾರ. ಕ್ಷಮಾ ಬೇಡಿಸ್ಯಾರ. ಅದಕ್ಕ ಬ್ಯಾರೆ ದಾರ, ಕೀಳು ದರ್ಜೆ.
ನಾಕು ವರ್ಷಕ್ಕ ಅಧ್ಯಕ್ಷ ಹೋಗಿ ಅರಸ ಆದಾಗ
ಅದ ಗುಂಡಿಯ ಹಕ್ಕಿಗೆ ಕಿರೀಟ ಬೆಸದರು.
ಬೆಸುಗಿ ಚಲೋ ಇರಲಿಲ್ಲ. ಎರಡು ಗುಂಡಿಯಾಗ ಕಿರೀಟ ಉದುರಿತ್ತು.

"ಮತ್ತ ಲಡಾಯಿ?" ಅಂದೆ.
ನನ್ನ ಸೀಮೆಸುಣ್ಣ ತಗೊಂಡು ಮಣಿ ಮ್ಯಾಲ ಬರದ:
ಸಮುದ್ರ, ಹಡಗ, ಒಂದು ಸೇತುವೆ,
ಸೇತುವೆ ಕಾಯೋ ಅರವತ್ತು ಮಂದಿಗೆ ಅರವತ್ತು ಚುಕ್ಕಿ.
ಚುಕ್ಕಿ ಎಲ್ಲಾ ಇಡೂತನಕ ನಾನು ಸುಮ್ಮನಿದ್ದೆ.
ಗುಂಡು ಹಾರಿಸಂತ ಹುಕುಮ್ ಬರಲಿಲ್ಲ.
ಬಂದದ್ದು ಪರದೆ ಎಳದ ಮೋಟಾರು, ಅರಮನೆದು,
ಗುಡ್ಡದ ದಾರಿಗೆ, ದೇಶದ ಹೊರಗ.
"ನಿಂತು ಸಲಾಮ್ ಹೊಡದೆ.
ಅದ ನನ್ನ ಕಡೀ ಲಡಾಯಿ."
ಅಂಗಿತೋಳಿನಿಂದ ಸುಣ್ಣ ಒರೆಸಿದ.
ನಾ ಒರೆಸತೇನಂದ್ರ ಕೇಳಲಿಲ್ಲ.

ಎರಡು ತಿಂಗಳಿಗೆ ಮತ್ತೊಂದು ಹಲ್ಲಿನ ನೆವ ಮಾಡಿ ಬಂದ.
ಮಗುಚಿದ ಕೋಟಿಗೆ ಎದೆಜೇಬು ಬಲಕ್ಕ ಬರತೈತಿ,
ಮೊದಲ ಹೇಳಿದ್ದೆ.
ತೊಟ್ಟ. ಹೊಸಾದರಂಗ ಇತ್ತು, ಬರೇ ಮೈ, ಯಾವ ಗುರುತೂ ಇಲ್ಲ.
ಪಗಾರದ ಚೀಟಿ ತಗಿಯಾಕ ಕೈ ಎಡಕ್ಕ ಹೋತು.
ಎದಿ ಮ್ಯಾಲ ಒಂದು ಗಳಿಗಿ ತಡವರಿಸಿತು.
ನಾನು ಕತ್ತರಿ ಒರೆಸಕೋತ ನಿಂತೆ.
ನಾಕು ರೂಪಾಯಿ ಎಂಟಾಣೆ. ಎಂಟಾಣೆ ಬಿಟ್ಟೆ.

ಹಳೇ ಗುಂಡಿ ಎಣಿಸಿ ಕೊಟ್ಟೆ ಅಂದಕೊಂಡಿದ್ದೆ.
ಮರುವರ್ಷ ಖಂಡೇನವಮಿಗೆ ಮಶೀನು ಸರಿಸಿದಾಗ
ಕಾಲ್ಮಣಿ ಕೆಳಗ ಒಂದು, ನೂಲಕಸದಾಗ.
ತುಳಜವ್ವ ಹುಣಸಿಹಣ್ಣು ಹಚ್ಚಿ ತಿಕ್ಕಿ,
ಕತ್ತರಿ ಮಗ್ಗಲಿಗಿಟ್ಟು ಕುಂಕುಮ ಏರಿಸಿದಳು.
"ಮೈಸೂರಿಂದೇನ್ರಿ?"

"ಅಲ್ಲ. ಉಗುರು ನೋಡು."